ಪೆನ್ಸಿಲ್ ಗುರುತಿದ್ದಲ್ಲಿ ಸಹಿ

ಗೆಳೆಯರೇ, ಇವತ್ತು ಖೂಬಾ ಪ್ಲಾಟ್ ಬಡಾವಣೆಯ ನನ್ನ ವಕೀಲಿ ಆಫೀಸಿಗೆ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಶರಣಪ್ಪ ಬಂದಿದ್ದರು. ಬೀಗರ ಜೊತೆ ಕಂಪನಿ ಮಾಡಿದ್ದಾರೆ. ಇವರು ಸಹಿ ಹಾಕಿ ಕೊಟ್ಟಿದ್ದ ಖಾಲಿ ಲೆಟರ್‌ಹೆಡ್ಡಿನಲ್ಲಿ ಬೀಗರು ಇವರದೇ ರಾಜೀನಾಮೆ ಬರೆದು, ಇವರನ್ನು ಹೊರಗೆ ಹಾಕಿದ್ದಾರೆ.

"ಯಾರು ಕೇಳಿದ್ರೂ ಖಾಲಿ ಕಾಗದಕ್ಕ ಸಹಿ ಮಾಡಬ್ಯಾಡ್ರಿ!" ಅರ್ಧ ಗಂಟೆ ಉಪದೇಶ ಮಾಡಿದೆ.

ಆಮೇಲೆ ರೂಢಿಯಂತೆ, ನನ್ನನ್ನು ವಕೀಲನಾಗಿ ನೇಮಿಸುವ ವಕಾಲತ್ತು ಫಾರಂ ಮುಂದಿಟ್ಟೆ. "ಪೆನ್ಸಿಲ್ ಗುರುತಿದ್ದಲ್ಲೆಲ್ಲ ಸಹಿ ಮಾಡ್ರಿ. ಉಳಿದದ್ದು ನಾ ಆಮ್ಯಾಲ ತುಂಬ್ತೀನಿ."

ಶರಣಪ್ಪ ಪೆನ್ನಿನ ಕ್ಯಾಪು ಹಾಕಿಬಿಟ್ಟರು. "ಬೀಗ್ರೂ ಹಿಂಗ ಅಂದಿದ್ರು ನೋಡ್ರಿ, ವಕೀಲ್ರ. ಮೊದಲ ತುಂಬಿ, ಓದಿ ಹೇಳ್ರಿ. ನಾ ಇಲ್ಲೇ ಕುಂದರ್ತೀನಿ."

ತುಂಬಿದೆ. ಗಟ್ಟಿಯಾಗಿ ಓದಿದೆ. ಇಪ್ಪತ್ತು ವರ್ಷದ ವಕೀಲಿಯಲ್ಲಿ ಆ ಫಾರಂ ಅನ್ನು ನಾನು ಪೂರ್ತಿ ಓದಿದ್ದು ಇವತ್ತೇ ಮೊದಲು.