ಸೊಲ್ಲಾಪುರಕ್ಕೆ ಹೋದ ಒಂಟೆ

ನನ್ನ ಅಜ್ಜಿಯನ್ನು ಚದುರಂಗದಲ್ಲಿ ಸೋಲಿಸಿದವರು ನಮ್ಮ ವಾಡೆಯಲ್ಲಿ ಒಬ್ಬರೂ ಇರಲಿಲ್ಲ. ಪುಣೆಯ ಆ ಹಳೆಯ ವಾಡೆಯಲ್ಲಿ ಎಂಟು ಬಾಡಿಗೆ ಸಂಸಾರಗಳು. ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು, ಸೋತು, ಚಹಾ ಕುಡಿದು ಎದ್ದು ಹೋಗಿದ್ದರು. ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಜ್ಜಿಯ ಮರಾಠಿ ಕಾಯಿಪಲ್ಲೆ ಕೊಳ್ಳುವುದಕ್ಕಷ್ಟೇ ಸಾಲುತ್ತಿತ್ತು. ಆದರೆ ಪತ್ತೇದಾರಿ ಕಥೆ ಎಂದರೆ ಪ್ರಾಣ. ಹಾಗಾಗಿ ಮಧ್ಯಾಹ್ನ ಕಾಲೇಜಿನಿಂದ ಬಂದವಳೇ ವಾಚನಾಲಯದ ಮರಾಠಿ ಪುಸ್ತಕ ಹಿಡಿದು, ಅಲ್ಲಲ್ಲೇ ಕನ್ನಡ ಮಾಡಿ ಓದಿ ಹೇಳುವುದು ನನ್ನ ಕೆಲಸ.

ಅವಳು ಬರೀ ಕೇಳುತ್ತಿರಲಿಲ್ಲ. ಚದುರಂಗದ ಮಣೆಯನ್ನು ಮುಂದಿಟ್ಟುಕೊಂಡು ಕಥೆಯ ಒಬ್ಬೊಬ್ಬರಿಗೆ ಒಂದೊಂದು ಕಾಯಿ ಹಂಚುತ್ತಿದ್ದಳು. ಈ ಮೂಲೆ ಅಡಿಗೆಮನೆ, ಆ ಮೂಲೆ ಬಾವಿ. ನಾನು ಓದಿದಂತೆ ಕಾಯಿಗಳು ಮನೆ ಬದಲಿಸುತ್ತಿದ್ದವು. ಓದು ಮುಗಿದ ಮೇಲೆ ಆ ಮಣೆಯನ್ನು ಯಾರಾದರೂ ಮುಟ್ಟಿದರೋ, ಮುಗಿಯಿತು ಅವರ ಕಥೆ!

ಎಪ್ಪತ್ತರ ದಶಕದ ಕೊನೆಯ ಮಾತು. ಕಾಲೇಜಿನ ಚದುರಂಗ ತಂಡಕ್ಕೆ ನನ್ನನ್ನು ಆರಿಸಿದ್ದರು. ಪಂದ್ಯ ಬಾರಾಮತಿಯಲ್ಲಿ, ಎರಡು ದಿನ. "ಹೆಣ್ಣು ಹುಡುಗಿ ಹೊರಗ ವಸ್ತಿ ಇರೂದು ಬ್ಯಾಡ," ಅಂದುಬಿಟ್ಟ ಅಪ್ಪ. ಅವನ ಮಾತು ತಿರುಗಿಸುವ ತಾಕತ್ತು ಇದ್ದದ್ದು ಅವನ ಅವ್ವನಿಗೆ ಮಾತ್ರ. ನಾನು ಅಜ್ಜಿಯ ಬೆನ್ನು ಬಿದ್ದೆ.

"ಪಣಾ ಕಟ್ಟೂಣು," ಅಂದಳು. "ಈ ಪುಸ್ತಕದ ಕಡೀ ಅಧ್ಯಾಯಕ್ಕಿಂತ ಮೊದಲ ಕೊಲೆ ಮಾಡಿದಾಂವ ಯಾರಂತ ನಾ ಹೇಳಿದ್ರ ನೀ ಮನ್ಯಾಗ ಇರು. ನಾ ತಪ್ಪಿದ್ರ ನಿಮ್ಮಪ್ಪಗ ಹೇಳೂದು ನನಗ ಬಿಡು."

ನಾನೇನು ಸಾಮಾನ್ಯಳೇ? ಅವಳು ಚಹಾಕ್ಕೆ ಏಳುತ್ತಲೇ ಕೊನೆಯ ಪುಟ ತೆರೆದು ನೋಡಿದೆ. ಮುದುಕ ಜಹಗೀರದಾರನನ್ನು ಕೊಂದವನು ಡಾಕ್ಟರು, ಅಂದರೆ ಅಜ್ಜಿಯ ಮಣೆಯ ಒಂಟೆ. ಊರೆಲ್ಲ ಅನುಮಾನಪಟ್ಟದ್ದು ಮುದುಕನ ಅಣ್ಣನ ಮಗ, ಆ ಸಿಡುಕನ ಮೇಲೆ, ಅವನು ಆನೆ. ಅಜ್ಜಿಯೂ ಆನೆಯ ಹಿಂದೆ ಹೋಗುತ್ತಾಳೆ, ಬಾರಾಮತಿ ಸಿಕ್ಕಿತು ಎಂದುಕೊಂಡೆ.

ನಾಲ್ಕನೇ ದಿನ ಅಜ್ಜಿ ಮಣೆ ನೋಡುತ್ತ ಅಂದಳು: "ಎದುರಿಗೆ ನಿಂತು ಗುರ್ ಅನ್ನೂ ಆನಿಗೆ ನಾ ಅಂಜೂದಿಲ್ಲ. ಯಾರಿಗೆ ದಾರಿ ತೆರದದ, ಅದನ್ನ ನೋಡಬೇಕು. ಹೆಂಡತಿ ಗುಡಿಗೆ ಹೋದ್ಲು, ಮುದುಕ ಒಬ್ಬಾವನ ಉಳದಾ. ಆಕಿಗೆ 'ಹೋಗಿ ಬರ್ರಿ' ಅಂದಾವ್ರು ಯಾರು?"

ಡಾಕ್ಟರು! ಮರುದಿನ ಪುಸ್ತಕದಲ್ಲಿ ಇಲ್ಲದ ಒಂದು ಪುಟವನ್ನು ಓದಿದೆ. ಕೊಲೆಯಾದ ಮಧ್ಯಾಹ್ನ ಡಾಕ್ಟರು ಊರಲ್ಲೇ ಇರಲಿಲ್ಲ, ಬೆಳಗಿನ ಗಾಡಿಗೆ ಸೊಲ್ಲಾಪುರಕ್ಕೆ ಹೋಗಿದ್ದರು ಎಂದೆ. "ಹೌದಾ?" ಅಂದಳು ಅಜ್ಜಿ. ಒಂಟೆಯನ್ನು ಮಾತ್ರ ಕದಲಿಸಲಿಲ್ಲ.

ಕೊನೆಯ ಅಧ್ಯಾಯದ ದಿನ ನಾನು ಗೆಲುವಿನ ಗತ್ತಿನಲ್ಲಿ ಕೇಳಿದೆ, "ಹೇಳಜ್ಜಿ, ಯಾರು?"

"ಡಾಕ್ಟರು. ಆದ್ರ ಅವನ್ನ ಸೊಲ್ಲಾಪುರಕ್ಕ ಕಳಿಸಿದಾವ್ರು ಬ್ಯಾರೆ ಅದಾರ."

ಅಜ್ಜಿ ಒಂಟೆಯ ತಲೆ ತಟ್ಟಿದಳು. "ಆ ಮಧ್ಯಾಹ್ನ ಡಾಕ್ಟರು ಔಷಧ ತಗೊಂಡು ಅಟ್ಟದ ಮೆಟ್ಟಲಾ ಹತ್ತಿದ್ರಂತ ಎರಡನೇ ದಿನ ನೀನ ಓದಿದ್ದಿ. ಇಕಾ, ಒಂಟಿ ಇನ್ನೂ ಅಲ್ಲೇ ಅದ. ಮತ್ತ ಪುಸ್ತಕ ಓದೂ ಮುಂದ ನಿನ್ನ ಕಣ್ಣು ಪುಸ್ತಕದ ಮ್ಯಾಲ ಇರತಾವ. ಸೊಲ್ಲಾಪುರ ಬಂದಾಗ ನನ್ನ ಮಾರಿ ಮ್ಯಾಲ ಇದ್ದೂ. ಖೋಡಿ! ಭಾಳ ಶಾಣ್ಯಾಕಿ ಆಗೀದಿ!"

ನನಗೆ ನಾಚಿಕೆ, ಅಳು, ಎಲ್ಲ ಒಟ್ಟಿಗೆ ಬಂತು. ಮೋಸ ಮಾಡಿಯೂ ಸೋತಿದ್ದೆ. ಬಾರಾಮತಿ ಹೋಯಿತು ಎಂದು ಮೂಲೆ ಹಿಡಿದು ಕೂತೆ. ಸಂಜೆ ಅಪ್ಪ ಶಿವಾಜಿನಗರದ ಆಫೀಸಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅಜ್ಜಿ ಶುರು ಮಾಡಿದಳು: "ಹುಡುಗಿ ಬಾರಾಮತಿಗೆ ಹೊಂಟಾಳ. ಜೋಡಿ ಕಾಲೇಜಿನಾಗ ಕಲಿಸೂ ಬಾಯಿಯವ್ರು ಇರತಾರ. ಚಹಾ ಕುಡಿ." ಅಪ್ಪ ತೆರೆದ ಬಾಯಿ ಮುಚ್ಚಿಕೊಂಡು ಚಹಾ ಕುಡಿದ.

ನಾನು ಓಡಿಹೋಗಿ ಕೇಳಿದೆ, "ಅಜ್ಜೀ, ಪಣದಾಗ ಸೋತೀನಲ್ಲ?"

"ಸೋತಿ, ಹೌದು. ನಾ ಜಲ್ಮಪೂರ್ತಿ ಗೆದ್ದೀನಿ, ಈ ನಾಕು ಗ್ವಾಡಿ ಒಳಗ. ಅದರಾಗ ಏನದ? ನೀ ಹೊರಗ ಹೋಗಿ ಸೋತು ಬಾ."

ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮರುಕ್ಷಣವೇ ಇಬ್ಬರಿಗೂ ನಗು.

ಬಾರಾಮತಿಯಲ್ಲಿ ಎರಡು ಆಟ ಸೋತೆ, ಒಂದು ಗೆದ್ದೆ. ಮನೆಗೆ ಬಂದರೆ ಕಾಯಿ ಜೋಡಿಸಿದ ಮಣೆ ಕಾದಿತ್ತು. "ತೋರಸು," ಅಂದಳು ಅಜ್ಜಿ. ಸೋತ ಎರಡನ್ನೂ ಒಂದು ನಡೆಯೂ ಬಿಡದೆ ತೋರಿಸಿದೆ. ಗೆದ್ದ ಆಟದ ಕೊನೆಯ ನಡೆ ನಡೆಸುವಾಗ ಮಾತ್ರ ತಡೆಯಲಾಗದೆ ತಲೆಯೆತ್ತಿ ಅವಳ ಮುಖ ನೋಡಿದೆ.

"ಏನು, ಮತ್ತ ಸೊಲ್ಲಾಪುರ?" ಅಂದಳು.

"ಇಲ್ಲಜ್ಜಿ, ಖರೇನ ಗೆದ್ದೆ!"

ಅಜ್ಜಿ ಆ ನಡೆಯನ್ನು ಇನ್ನೊಮ್ಮೆ ತೋರಿಸು ಅಂದಳು.