ಸೊಂಟ ಅಂದ್ರೆ ಎಲ್ಲಿ?

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಉಗುರು ಅಗಲ, ತುದಿ ಹಿಂದಕ್ಕೆ ಬಾಗಿ, ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದಂತೆ ಕಾಣುತ್ತಿತ್ತು. ರೋಗಿಯ ಬೆನ್ನು ಮುಟ್ಟುವ ಮುಂಚೆ ಅದನ್ನು ಬಿಸಿ ಕಾಫಿ ಲೋಟಕ್ಕೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆ ಕಾಫಿಯನ್ನು ಅವರು ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಬರುತ್ತಿದ್ದದ್ದೇ ಬೆರಳಿಗೆ.

ಜಯನಗರದಲ್ಲಿ ನಮ್ಮ ಹಿಂದಿನ ರಸ್ತೆಯಲ್ಲಿ ಅವರ ಮನೆ, ಮುಂದಿನ ಕೋಣೆಯೇ ಕ್ಲಿನಿಕ್. ಸುತ್ತಮುತ್ತ ಮೂಳೆ ಡಾಕ್ಟ್ರು ಎಂದರೆ ಅವರೊಬ್ಬರೇ ಎಂಬಂತಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನಾವು ಬೆಂಚಿನ ಮೇಲೆ ಕಾಯುತ್ತಿದ್ದರೆ ಅವರು ಬಾಗಿಲಿಗೆ ಬಂದು, ಯಾರದಾದರೂ ಚಪ್ಪಲಿ ಎತ್ತಿ, ಅಡಿ ತಿರುಗಿಸಿ ಸವೆತ ನೋಡುತ್ತಿದ್ದರು. "ಇದು ಯಾರದಪ್ಪ? ಎಡಗಾಲು ಕಳ್ಳಾಟ ಆಡ್ತಿದೆ, ಬಲಗಾಲೇ ಎಲ್ಲಾ ಹೊರ್ತಿದೆ. ನೀವು ಮೊದ್ಲು ಬನ್ನಿ." ಮೂಲೆಯಲ್ಲಿ ಬೆನ್ನೆಲುಬಿನ ಒಂದು ಪ್ಲಾಸ್ಟಿಕ್ ಮಾದರಿ ನೇತಾಡುತ್ತಿತ್ತು. ಆಯುಧ ಪೂಜೆಯ ದಿನ ಅದಕ್ಕೂ ಅರಿಸಿನ, ಕುಂಕುಮ, ಒಂದು ಮೊಳ ಮಲ್ಲಿಗೆ.

ನಾನು ಅವರಲ್ಲಿಗೆ ಹೋದಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಎತ್ತಿಕೊಳ್ಳಲು ಬಗ್ಗಿದರೆ ಕಾಲಿನುದ್ದಕ್ಕೂ ಬೆಂಕಿ ಇಳಿಯುತ್ತಿತ್ತು. ಬೇರೊಬ್ಬ ಡಾಕ್ಟರು ಸ್ಕ್ಯಾನ್ ನೋಡಿ, ಡಿಸ್ಕ್ ಉಬ್ಬಿದೆ ಎಂದು ಆಪರೇಷನ್ನಿಗೆ ದಿನ ಕೊಟ್ಟಾಗಿತ್ತು.

"ಏನಮ್ಮ ತೊಂದ್ರೆ?"

"ಸೊಂಟ ನೋವು ಡಾಕ್ಟ್ರೇ."

"ಸೊಂಟ ಅಂದ್ರೆ ಎಲ್ಲಿ?"

ನಾನು ಕೈಯನ್ನು ಹಿಂದೆ ಸುಮ್ಮನೆ ಆಡಿಸಿದೆ. "ಗಾಳೀಲಿ ಬೇಡ, ಮೈ ಮೇಲೆ ತೋರ್ಸಿ. ಒಂದೇ ಬೆರಳು," ಎಂದರು. ಕಾನ್ವೆಂಟಿನ ಮದರ್‌ಗಳು ನಮಗೆ ಮಂಡಿ ಮುಚ್ಚಿ ಕೂರುವುದನ್ನು ಕಲಿಸಿದ್ದರು, ಕೂರುವ ಜಾಗಕ್ಕೆ ಹೆಸರು ಕಲಿಸಿರಲಿಲ್ಲ. ಸೀರೆಯ ನೆರಿಗೆ ಸಿಕ್ಕಿಸುವಷ್ಟು ಎತ್ತರದಲ್ಲಿ ಬೆರಳಿಟ್ಟೆ. ಅವರು ನರ್ಸಮ್ಮನ ಕಡೆ ತಿರುಗಿದರು. "ನಮ್ಮ ಹೆಣ್ಮಕ್ಳಿಗೆ ಸೊಂಟದ ಕೆಳಗೆ ಮೈಯೇ ಇಲ್ಲ ನೋಡಿ. ಸೀದಾ ಮಂಡಿ ಬಂದ್ಬಿಡತ್ತೆ." ನೋವಿನಲ್ಲೂ ನಗು ಬಂತು.

ಬೋರಲು ಮಲಗಿಸಿದರು. ಬೆಚ್ಚಗಿನ ಹೆಬ್ಬೆರಳು ಬೆನ್ನೆಲುಬಿನ ಒಂದೊಂದು ಗಂಟಿನ ಮೇಲೂ ನಿಂತು ಇಳಿಯಿತು. "ಇದಲ್ಲ. ಇದೂ ಅಲ್ಲ." ಗಂಟುಗಳು ಮುಗಿದ ಮೇಲೆ ಬೆರಳು ಪಕ್ಕಕ್ಕೆ ಸರಿದು, ಪೃಷ್ಠದ ಮಾಂಸದ ಆಳದಲ್ಲಿ ಒಂದು ಕಡೆ ಒತ್ತಿತು. ನಾನು ದಿಂಬು ಕಚ್ಚಿದೆ.

"ಸಿಕ್ದ ಕಳ್ಳ," ಎಂದರು.

ದೊಡ್ಡ ಸ್ನಾಯುವಿನ ಕೆಳಗೆ ಪುಟ್ಟದೊಂದು ಸ್ನಾಯು ಇರುತ್ತದಂತೆ. ಕಾಲಿಗೆ ಇಳಿಯುವ ದೊಡ್ಡ ನರ ಅದರಡಿಯಿಂದಲೇ ಹಾದುಹೋಗುತ್ತದೆ. ಆ ಸ್ನಾಯು ಬಿಗಿದುಕೊಂಡು ನರವನ್ನು ಹಿಡಿದುಕೊಂಡಿದೆ, ಅಷ್ಟೇ. "ಮತ್ತೆ ಡಿಸ್ಕು?" ಎಂದು ಜೊತೆಗೆ ಬಂದಿದ್ದ ನಮ್ಮ ಯಜಮಾನರು ಸ್ಕ್ಯಾನ್ ಮುಂದೆ ಹಿಡಿದರು.

"ಉಬ್ಬಿರೋದು ನಿಜ. ನಿಮ್ಮನ್ನ ಸ್ಕ್ಯಾನ್ ಮಾಡಿದ್ರೆ ನಿಮ್ದೂ ಉಬ್ಬಿರತ್ತೆ. ನೋವಿದ್ಯಾ ನಿಮ್ಗೆ? ಚಿತ್ರಕ್ಕೆ ಆಪರೇಷನ್ ಮಾಡ್ಬಾರ್ದು ಸಾರ್, ನೋವಿಗೆ ಮಾಡ್ಬೇಕು."

ಮಲಗಿ, ಮಂಡಿಯನ್ನು ಎದುರು ಭುಜದ ಕಡೆ ಎಳೆದುಕೊಳ್ಳುವ ವ್ಯಾಯಾಮವೊಂದನ್ನು ಹೇಳಿಕೊಟ್ಟರು. ಆಪರೇಷನ್ ನಿಂತಿತು. ಆ ವರ್ಷದ ಗೌರಿ ಹಬ್ಬಕ್ಕೆ ನಾನು ಬಗ್ಗಿ ರಂಗೋಲಿ ಹಾಕಿದೆ, ಮಗಳನ್ನು ಎತ್ತಿಕೊಂಡು ಬಾಗಿನ ಕೊಟ್ಟುಬಂದೆ. ಅಂದಿನಿಂದ ಡಾಕ್ಟರ ಮನೆಗೆ ನಮ್ಮನೆಯ ಕೋಡುಬಳೆ ಹೋಗದ ಹಬ್ಬವಿಲ್ಲ.

ಆಮೇಲೆ ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಕ್ಲಿನಿಕ್ ಹೋಯಿತು, ಡಾಕ್ಟ್ರು ಒಂದು ದೊಡ್ಡ ಆಸ್ಪತ್ರೆ ಸೇರಿದರು. ನನ್ನ ತಂಗಿಯನ್ನು ಕರೆದೊಯ್ದದ್ದು ಅಲ್ಲಿಗೆ.

ತಂಗಿ ಜರಗನಹಳ್ಳಿಯ ತನ್ನ ಮನೆಯ ಮಹಡಿಯಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಿದ್ದಳು. ಬದುಕಿನಲ್ಲಿ ಅವಳು ತನ್ನದು ಎಂದುಕೊಂಡದ್ದು ಅದೊಂದನ್ನೇ. ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರಮಂಡಿ ಕೂರುವಾಗ ಅವಳ ಬಲಮಂಡಿ ಹೊರಳುತ್ತಲೇ ಇರಲಿಲ್ಲ. ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು ಕಾಲುಂಗುರ ಸರಿಮಾಡಿಕೊಳ್ಳುವುದನ್ನೂ ಬಿಟ್ಟಿದ್ದಳು. ಆಟೋದಲ್ಲಿ ಅವಳಿಗೆ ಡಾಕ್ಟರ ಕಥೆಯನ್ನೆಲ್ಲ ಹೇಳಿದೆ. "ಸೊಂಟ ಅಂದ್ಯೋ, ಎಲ್ಲಿ ಅಂತ ಕೇಳ್ತಾರೆ. ನಾಚ್ಕೋಬೇಡ."

"ನಾಚ್ಕೆ ಯಾಕೆ, ಎಲ್ಲಿ ಬೇಕಾದ್ರೂ ತೋರಿಸ್ತೀನಿ. ಕುಣಿಯೋ ಹಾಗಾದ್ರೆ ಸಾಕು," ಎಂದಳು.

ಆ ಆಸ್ಪತ್ರೆಯಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಅವರ ಮೇಜಿನ ಮೇಲೆ ಮುಚ್ಚಳ ಹಾಕಿದ ಕಾಗದದ ಲೋಟ. ತಂಗಿ, "ಸೊಂಟ ನೋವು ಸಾರ್," ಎಂದಳು. ನಾನು ನಗುಮುಖ ಮಾಡಿಕೊಂಡು ಆ ಪ್ರಶ್ನೆಗೆ ಕಾದೆ.

ಅವರು ಕಂಪ್ಯೂಟರ್ ಪರದೆಯಲ್ಲಿ ಅವಳ ಸ್ಕ್ಯಾನ್ ನೋಡಿದರು. "ಡಿಸ್ಕ್ ಉಬ್ಬಿದೆ. ನರ ಒತ್ತುತ್ತಿದೆ. ತೆಗೆದ್ರೆ ಒಳ್ಳೇದು."

"ಡಾಕ್ಟ್ರೇ, ಒಂದ್ಸಲ ಮುಟ್ಟಿ ನೋಡ್ತೀರಾ? ಇವಳಿಗೆ ಅರಮಂಡಿ ಕೂರಕ್ಕಾಗ್ತಿಲ್ಲ, ಕಾಲು ಹೊರಳ್ತಿಲ್ಲ," ಎಂದೆ.

"ಎಲ್ಲಾ ಸ್ಪಷ್ಟವಾಗಿ ಕಾಣ್ತಿದ್ಯಲ್ಲಮ್ಮ ಇಲ್ಲಿ. ಬೆನ್ನು ಸರಿಹೋದ್ರೆ ಅದೂ ಸರಿಹೋಗತ್ತೆ." ಆ ಚಪ್ಪಟೆ ಹೆಬ್ಬೆರಳು ಮೌಸಿನ ಪಕ್ಕದಲ್ಲಿ ಮಲಗಿತ್ತು. ಕುರ್ಚಿಯಿಂದ ಅವರು ಏಳಲಿಲ್ಲ.

ಆಪರೇಷನ್ ಆಯಿತು. ಬೆನ್ನಿನ ಗಾಯ ಮಾಯಿತು. ನೋವು ಇದ್ದಲ್ಲೇ ಇತ್ತು, ಜೊತೆಗೆ ಪಾದವೂ ಮರಗಟ್ಟಿತು. "ವಾಸಿಯಾಗಕ್ಕೆ ಟೈಮ್ ಬೇಕು," ಎಂದು ಪ್ರತಿಸಲವೂ ಕಳಿಸಿದರು. ಕೊನೆಗೆ ಬನಶಂಕರಿಯ ಇನ್ನೊಬ್ಬ ಡಾಕ್ಟರು ಅವಳನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ, ತೊಡೆಯನ್ನು ಒಳಕ್ಕೆ ತಿರುಗಿಸಿದರು. ತಂಗಿ ಕಿರುಚಿಕೊಂಡಳು. ಎಲ್ಲಿ ಎಂದು ಕೇಳಿದರೆ ಅವಳ ಬೆರಳು ಬೆನ್ನಿಗೆ ಹೋಗಲೇ ಇಲ್ಲ, ತೊಡೆಸಂದಿಗೆ ಹೋಯಿತು. ತೊಡೆಮೂಳೆಯ ತುದಿಯ ಗುಂಡು, ಕೀಲಿನೊಳಗೆ ತಿರುಗುವ ಭಾಗ, ರಕ್ತ ಹರಿಯದೆ ಸತ್ತು ಕುಸಿದಿತ್ತು. ಕುಸಿಯುವ ಮುಂಚೆ ಗೊತ್ತಾಗಿದ್ದರೆ ಬಹುಶಃ ಉಳಿಸಬಹುದಿತ್ತು ಎಂದರು ಅವರು, ಮೆಲ್ಲಗೆ. ಕೀಲು ಬದಲಾಯಿಸಿದರು. ಬೆನ್ನಿನ ಆಪರೇಷನ್ನಿನಿಂದ ಮರಗಟ್ಟಿದ ಪಾದ ಮಾತ್ರ ಹಾಗೇ ಉಳಿಯಿತು. ಇನ್ನು ಅರಮಂಡಿಯ ಮಾತೇ ಬೇಡ ಎಂದರು.

ಕೆಲವು ದಿನ ಅವಳು ಕುರ್ಚಿಯಲ್ಲಿ ಕೂತು, ತಟ್ಟುಕೋಲು ಹಿಡಿದು ಪಾಠ ಮಾಡಿದಳು. ಆಮೇಲೆ ಮಕ್ಕಳನ್ನೆಲ್ಲ ಬೇರೆ ಕಡೆ ಸೇರಿಸಿದಳು. "ಮಕ್ಕಳು ನನ್ನ ಕಾಲು ನೋಡಿ ಕಲೀಬೇಕು ಅಕ್ಕ, ಬಾಯಿ ನೋಡಿ ಅಲ್ಲ."

ನಾನೊಬ್ಬಳೇ ಡಾಕ್ಟರ ಹತ್ತಿರ ಹೋದೆ. ಜಗಳವಾಡಲು ನನಗೆ ಬರುವುದಿಲ್ಲ. "ನನ್ನನ್ನ ಕೇಳಿದ್ರಲ್ಲ ಡಾಕ್ಟ್ರೇ, ಸೊಂಟ ಅಂದ್ರೆ ಎಲ್ಲಿ ಅಂತ. ಅವಳನ್ನ ಯಾಕೆ ಕೇಳ್ಲಿಲ್ಲ?" ಎಂದಷ್ಟೇ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರೇ ಸೊಂಟ ಅಂದ್ರಲ್ಲಮ್ಮ."

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದರು, "ನೀವು ವ್ಯಾಯಾಮ ಬಿಟ್ಟಿಲ್ಲ ತಾನೆ?"

ಹೊರಗೆ ಕಾಯುತ್ತಿದ್ದವರ ಸಾಲು ಲಿಫ್ಟಿನವರೆಗೆ ಇತ್ತು. ಒಬ್ಬೊಬ್ಬರ ಮಡಿಲಲ್ಲೂ ದೊಡ್ಡ ಲಕೋಟೆ, ಒಳಗೆ ಅವರವರ ಬೆನ್ನಿನ ಚಿತ್ರ. ಅಷ್ಟು ಜನರಿಗೆ ಅವರಲ್ಲಿ ಹೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆಗೆ ಎಷ್ಟು ಹೊತ್ತು ಬೇಕು? ಆ ಪ್ರಶ್ನೆಯೇ ಗೊತ್ತಿಲ್ಲದವರನ್ನು ಕ್ಷಮಿಸಿಬಿಡಬಹುದು. ಇವರು ಅದನ್ನು ನನಗೆ ಕಲಿಸಿದವರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಹೊರಟೆ. ಆಗ ನಮ್ಮ ಮನೆಗೆ ಬಂದಿದ್ದ ತಂಗಿ ತನ್ನ ಊರುಗೋಲು ಹುಡುಕಲಿಲ್ಲ, ದಿವಾನ್ ಮೇಲೆ ಕೂತೇ ಇದ್ದಳು.

"ಹೋಗಿ ಬಾ ಅಕ್ಕ. ನಮಸ್ಕಾರಕ್ಕೆ ಬಗ್ಗೋದಾದ್ರೆ ನಿನ್ನ ಪಾಲಿಗಷ್ಟೇ ಬಗ್ಗು. ನಂದು ಸೇರಿಸ್ಬೇಡ."

ಹಳೆಯ ಕ್ಲಿನಿಕ್ ಇದ್ದ ಜಾಗದ ಅಪಾರ್ಟ್‌ಮೆಂಟಿನಲ್ಲೇ ಅವರ ಮನೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಹಿಮ್ಮಡಿ ಒಂದೇ ಪಕ್ಕಕ್ಕೆ ಸವೆದ ಎಷ್ಟೋ ಜೋಡಿಗಳು. ಒಳಗೆ ಅವರನ್ನು ಚಾಪೆಯ ಮೇಲೆ ಮಲಗಿಸಿ, ಕೈಯ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದರು.

ಬಗ್ಗಿ ಪಾದ ಮುಟ್ಟಿದೆ. ಬೆನ್ನು ಎಲ್ಲೂ ಹಿಡಿಯಲಿಲ್ಲ.