ಇಗರ್ಜಿಯ ಕಲ್ಲಿನ ಮೇಲೆ ಒಂದು ಹೆಸರು

ಇಗರ್ಜಿಯ ಕಲ್ಲಿನ ಮೇಲೆ ಯಾರ ಹೆಸರನ್ನೂ ಕೆತ್ತಬಾರದೆಂದು ಪಾದ್ರಿಗಳೇ ನಿಯಮ ಮಾಡಿದ್ದರು. ಹರಿಹರದಲ್ಲಿ ಆ ಚೂಪು ಕಮಾನುಗಳ ಕಟ್ಟಡ ಏಳುವಾಗ ನಾನು ಅಲ್ಲಿ ಇಂಜಿನಿಯರ್. ಆದರೂ ಮೊದಲು ದೇಣಿಗೆ ಕೊಟ್ಟ ದಾವಣಗೆರೆಯ ಹತ್ತಿ ಸಾಹುಕಾರರ ಹೆಸರು ಕಲ್ಲಿನ ಮೇಲೆ ಬಂತು, ಆಮೇಲೆ ಕಂತ್ರಾಟುದಾರನದು, ಕೊನೆಗೆ ಪಾದ್ರಿಗಳದ್ದೇ, ಅದೂ ಲ್ಯಾಟಿನ್ನಿನಲ್ಲಿ. ನಿಯಮ ಮುರಿಯಬೇಡಿ ಎಂದು ನಾನು ಕೂಗಾಡಿದೆ, ಯಾರೂ ಕೇಳಲಿಲ್ಲ.

ಗೋಪುರಕ್ಕೆ ಕಟ್ಟಿದ್ದ ಬಿದಿರಿನ ಸಾರುವೆಯಿಂದ ಗಾರೆ ಮೇಸ್ತ್ರಿ ಬಿದ್ದು ಸತ್ತಾಗ, ನಿಯಮ ಮುರಿಯಲು ನಾನೂ ಹೊರಟೆ. ಅವನು ಕಟ್ಟಿದ ಕಮಾನಿನ ಬುಡದಲ್ಲಿ ಅವನ ಹೆಸರನ್ನು ಸೀಮೆಸುಣ್ಣದಿಂದ ಬರೆದೆ. ಅಲ್ಲೇ ನೀರು ಹೊರುತ್ತಿದ್ದ ಅವನ ಹೆಂಡತಿಯನ್ನು ಕರೆದೆ.

“ನಿನ್ನ ಗಂಡನ ಹೆಸರಮ್ಮ. ಕೆತ್ತಿಸ್ತೀನಿ.”

“ಬ್ಯಾಡ್ರಿ ಸಾಹೇಬ್ರ. ಸಾರುವೆಗೆ ಹೊಸ ಹಗ್ಗ ಕೊಡ್ರಿ ಅಂತ ಅವ್ರು ಬೇಡ್ಕೊಂಡಾಗ ನೀವೆಲ್ಲ ಎಲ್ಲಿದ್ರಿ? ನಿಮ್ಮಂಥೋರ ಹೆಸರಿನ ಸಾಲಿನಾಗ ಅವ್ರನ್ನ ಕೂಡ್ರಿಸಬ್ಯಾಡ್ರಿ.”

ಕೊಡ ಕೆಳಗಿಟ್ಟು, ಒದ್ದೆ ಸೆರಗಿನಿಂದ ಆ ಅಕ್ಷರಗಳನ್ನು ಒರೆಸಿಹಾಕಿದಳು.